ಮುದ್ರಿತ ಪಾಠದ ಹೊಣೆ: ಯುವಸಂಶೋಧಕರಿಗೆ ಮೂರು ನಿದರ್ಶನಗಳು

ಮೈಸೂರಿನ ದಟ್ಟಗಳ್ಳಿಯು ಒಂದು ಕಾಲಕ್ಕೆ ಊರ ಹೊರಗಿನ ಹಳ್ಳಿ. ಈಗ ನಗರದ ಬಡಾವಣೆ. ಇಲ್ಲಿ ಬಿಡಾರ ಮಾಡಿಕೊಂಡು ಮಾನಸಗಂಗೋತ್ರಿಗೆ ಹೋಗಿಬರುವ ಸಂಶೋಧನ ವಿದ್ಯಾರ್ಥಿಗಳು ಪ್ರಸ್ತುತ ಲೇಖಕನನ್ನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಲೇಖನವು ಎಷ್ಟು ಬೇಗ ಪ್ರಕಟವಾದೀತು? ಮಹಾಪ್ರಬಂಧವನ್ನು ಸಲ್ಲಿಸುವ ಮೊದಲು ಲೇಖನ ಪ್ರಕಟವಾಗಿರಲೇಬೇಕೆಂಬ ಕಟ್ಟಳೆಯನ್ನು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2022ರ ನಿಯಮಾವಳಿಯಲ್ಲಿ ಕೈಬಿಟ್ಟಿದೆ. ಕಟ್ಟಳೆ ಹೋದರೂ ಆತುರ ಹೋಗಿಲ್ಲ. ಹಸ್ತಪ್ರತಿಶಾಸ್ತ್ರದಲ್ಲಿ ಈ ಆತುರಕ್ಕೆ ತೆರಬೇಕಾದ ಬೆಲೆ ಎಂತಹುದು, ಅದಕ್ಕೆ ಪರಿಹಾರವೇನು ಎಂಬುದನ್ನು ಮೂರು ನಿದರ್ಶನಗಳಿಂದ ವಿಚಾರಿಸಬಹುದು.

ಮೊದಲನೆಯದು ಮೂಡಬಿದಿರೆಯದು. ಧವಲಾ ಟೀಕೆಯೊಡನೆ ಷಟ್ಖಂಡಾಗಮದ ಪ್ರಾಚೀನ ತಾಡವೋಲೆಗಳು ಅಲ್ಲಿಯ ಬಸದಿಯ ಭಂಡಾರದಲ್ಲಿ ಉಳಿದುಬಂದ ಸಂಗತಿ ವಿದ್ವಾಂಸರಿಗೆ ವಿದಿತವೇ ಆಗಿದೆ. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಅಮರಾವತಿಯಿಂದ ಮೊದಲನೆಯ ಸಂಪುಟ ಹೊರಬಂದಾಗ ಆಧಾರವಾಗಿದ್ದುದು ಮೂಲ ಓಲೆಗಳಲ್ಲ. ಪ್ರತಿಯಿಂದ ಪ್ರತಿಗೆ ಇಳಿದು ಉತ್ತರ ಭಾರತವನ್ನು ಸೇರಿದ್ದ ನಾಗರೀ ನಕಲುಗಳು. ಸತ್ಪ್ರರೂಪಣೆಯ 93ನೆಯ ಸೂತ್ರವು ಪರ್ಯಾಪ್ತ ಮನುಷ್ಯಿಣಿಯರಿಗೆ ಸಂಭವಿಸುವ ಗುಣಸ್ಥಾನಗಳನ್ನು ಹೇಳುತ್ತದೆ. ಆ ನಕಲುಗಳಲ್ಲಿ 'ಸಂಜದ', ಎಂದರೆ ಸಂಯತ, ಎಂಬ ಪದವಿರಲಿಲ್ಲ. ಆದರೆ ಟೀಕೆಯ ಮತ್ತು ಸಿದ್ಧಾಂತದ ಪೂರ್ವಾಪರಗಳು ಆ ಪದವನ್ನು ಅಪೇಕ್ಷಿಸುತ್ತಿದ್ದವು. ಸಂಪಾದಕರು ಏನು ಮಾಡಿದರೆಂಬುದು ಇಲ್ಲಿ ಮುಖ್ಯ. ಅವರು ಪದವನ್ನು ಸದ್ದಿಲ್ಲದೆ ಸೂತ್ರದೊಳಕ್ಕೆ ಸೇರಿಸಲಿಲ್ಲ. ಲೋಪವನ್ನು ಮುಚ್ಚಿಡಲೂ ಇಲ್ಲ. ಪ್ರತಿಗಳಲ್ಲಿದ್ದಂತೆ ಸೂತ್ರವನ್ನು ಅಚ್ಚುಹಾಕಿ, ಇಲ್ಲಿ ಆ ಪದವು ಬಿಟ್ಟುಹೋದಂತೆ ತೋರುತ್ತದೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು.

ಸ್ತ್ರೀಮುಕ್ತಿಯ ಚರ್ಚೆಗೆ ಸಂಬಂಧಿಸಿದ ಸ್ಥಳವಾದುದರಿಂದ ಈ ಒಂದು ಪದದ ಮೇಲೆ ದೀರ್ಘವಾದ ವಾದವಿವಾದಗಳು ನಡೆದವು. ಮುಂದೆ ಮೂಡಬಿದಿರೆಯ ಓಲೆಗಳೊಡನೆ ಹೋಲಿಸಿ ನೋಡಿದಾಗ ಆ ಪದವು ಅಲ್ಲಿ ಇದ್ದೇ ಇತ್ತು. 1973ರಲ್ಲಿ ಸೊಲ್ಲಾಪುರದಿಂದ ಬಂದ ಪರಿಷ್ಕೃತ ಆವೃತ್ತಿಯಲ್ಲಿ ಅದು ಸೂತ್ರದಲ್ಲಿಯೇ ಸ್ಥಾನ ಪಡೆಯಿತು. ಹಿಂದಿನ ಪದವು 'ಸಂಜದಾಸಂಜದ' ಎಂದಿರುವಾಗ, ಅದೇ ಅಕ್ಷರಗಳ ಮುಂದಿನ 'ಸಂಜದ'ವು ಲಿಪಿಕಾರನ ಕಣ್ಣಿಗೆ ಜಾರುವುದು ಅಸಹಜವೇನಲ್ಲ. ಪದದ ಅರ್ಥವನ್ನು ಭಾವವೇದದ ದೃಷ್ಟಿಯಿಂದ ಗ್ರಹಿಸಬೇಕೇ, ಹೇಗೆ ಎಂಬುದು ಸಿದ್ಧಾಂತದ ವಿಚಾರ. ಪದವು ಓಲೆಯಲ್ಲಿದೆಯೇ ಎಂಬುದು ಪಾಠದ ವಿಚಾರ. ಇವೆರಡನ್ನು ಬೆರೆಸದಿರುವುದೇ ಸಂಪಾದಕನ ಧರ್ಮ.

ಎರಡನೆಯ ನಿದರ್ಶನ ಮೈಸೂರಿನದೇ. 1891ರಲ್ಲಿ ಸ್ಥಾಪಿತವಾದ ಇಲ್ಲಿಯ ಪ್ರಾಚ್ಯ ಪುಸ್ತಕಾಲಯಕ್ಕೆ ತಂಜಾವೂರು ಪ್ರಾಂತದ ಪಂಡಿತರೊಬ್ಬರು ತಂದೊಪ್ಪಿಸಿದ ಓಲೆಪ್ರತಿಯಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು. 1905ರಿಂದ ಅದರ ಅನುವಾದದ ಭಾಗಗಳನ್ನು ಪತ್ರಿಕೆಯಲ್ಲಿ ಪ್ರಕಟಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಆಂಗ್ಲಾನುವಾದವನ್ನೂ ಗ್ರಂಥರೂಪದಲ್ಲಿ ತಂದರು. ಸಾಮಗ್ರಿ ಅತ್ಯಲ್ಪವಾಗಿದ್ದುದರಿಂದ ಆ ಪಾಠದಲ್ಲಿ ಕೊರತೆಗಳು ಉಳಿದವು. ಆದರೆ ಸಾಮಗ್ರಿಯನ್ನು ಬೈಲಿಗಿಟ್ಟುದರಿಂದಲೇ ಮುಂದಿನವರಿಗೆ ತಿದ್ದುವ ದಾರಿ ತೆರೆಯಿತು. ತಿರುವನಂತಪುರದ ಗಣಪತಿಶಾಸ್ತ್ರಿಗಳು ಬೇರೆ ಪ್ರತಿಗಳ ನೆರವಿನಿಂದ 1924-25ರಲ್ಲಿ ವ್ಯಾಖ್ಯಾನಸಹಿತವಾಗಿ ಸಂಪಾದಿಸಿದರು. ಪಾಟಣದ ಜೈನ ಭಂಡಾರದಲ್ಲಿ ದೊರೆತ ಅದರ ಒಂದು ತುಣುಕನ್ನು ಮುನಿ ಜಿನವಿಜಯರು 1959ರಲ್ಲಿ ಬೆಳಕಿಗೆ ತಂದರು. ಇವೆಲ್ಲವನ್ನೂ ಪರಿಶೀಲಿಸಿ ಆರ್. ಪಿ. ಕಾಂಗ್ಲೆಯವರು 1960ರಲ್ಲಿ ಪರಿಷ್ಕೃತ ಪಾಠವನ್ನು ಸಿದ್ಧಪಡಿಸಿದರು. ಅರ್ಧ ಶತಮಾನದ ಈ ತಿದ್ದುಪಡಿಯಿಂದ ಶಾಸ್ತ್ರಿಗಳ ಕೀರ್ತಿಗೆ ಕುಂದು ಬಂದಿಲ್ಲ.

ಮೂರನೆಯದು ವಡ್ಡಾರಾಧನೆ. ಹತ್ತೊಂಬತ್ತು ಮಹಾಪುರುಷರ ಕಥೆಗಳುಳ್ಳ ಈ ಗದ್ಯಗ್ರಂಥವನ್ನು ಮೈಸೂರಿನ ಡಿ. ಎಲ್. ನರಸಿಂಹಾಚಾರ್ಯರು ಸಂಪಾದಿಸಿ 1949ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲೇ, 1943ರಲ್ಲಿ, ಹರಿಷೇಣನ ಬೃಹತ್ಕಥಾಕೋಶದ ಪೀಠಿಕೆಯಲ್ಲಿ ಡಾ. ಆ. ನೇ. ಉಪಾಧ್ಯೆಯವರು ಈ ಕಥೆಗಳಿಗೂ ಭಗವತೀ ಆರಾಧನೆಗೂ ಇರುವ ನಂಟನ್ನು ಪರಿಶೀಲಿಸಿದ್ದರು. ಗ್ರಂಥವು ಶಿವಕೋಟ್ಯಾಚಾರ್ಯನದೆಂಬುದು ರೂಢಿ. ರಾಮಚಂದ್ರ ಮುಮುಕ್ಷುವಿನ ಪುಣ್ಯಾಸ್ರವ ಕಥಾಕೋಶದಲ್ಲಿ ಬರುವ ಉಲ್ಲೇಖವನ್ನು ಹಿಡಿದು, ಇದು ಭ್ರಾಜಿಷ್ಣುವಿನ ಆರಾಧನಾ ಕರ್ಣಾಟ ಟೀಕೆಯೇ ಎಂದು ವಾದಿಸುವವರೂ ಉಂಟು. ಕರ್ತೃವಿನ ಹೆಸರೇ ಚರ್ಚೆಗೊಳಗಾದರೂ ಮುದ್ರಿತ ಪಾಠವು ಎರಡು ಪಕ್ಷದವರಿಗೂ ಬಳಕೆಯಾಗುತ್ತಿದೆ. ನರಸಿಂಹಾಚಾರ್ಯರು ತಮ್ಮ ಅನುಭವದ ಸಾರವನ್ನು 'ಕನ್ನಡ ಗ್ರಂಥಸಂಪಾದನೆ'ಯಲ್ಲಿ ಶಾಸ್ತ್ರರೂಪಕ್ಕೆ ತಂದರು. ಉಪಾಧ್ಯೆಯವರು 1971ರಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಬಂದು ಜೈನಶಾಸ್ತ್ರ ಹಾಗೂ ಪ್ರಾಕೃತಗಳ ಅಧ್ಯಾಪನ ಕೈಕೊಂಡರು. ಹೀಗೆ ಈ ವಿದ್ಯೆಯ ಎರಡು ಹೊಳೆಗಳು ನಮ್ಮ ನೆರೆಯಲ್ಲಿಯೇ ಹರಿದಿವೆ.

ಈ ನಿದರ್ಶನಗಳಿಂದ ಯುವಸಂಶೋಧಕರು ಗ್ರಹಿಸಬೇಕಾದುದು ಇಷ್ಟು. ಲೇಖನದ ಆರಂಭದಲ್ಲಿಯೇ ಪ್ರತಿ ಎಲ್ಲಿಯದು, ಅದರ ಸಂಖ್ಯೆ, ಗರಿಗಳು, ಪುಟಕ್ಕೆ ಎಷ್ಟು ಸಾಲು, ಲಿಪಿ, ಆದ್ಯಂತಗಳ ಸ್ಥಿತಿ ಇವನ್ನು ಹೇಳತಕ್ಕದ್ದು. ನೋಡಿದುದು ಓಲೆಯೋ, ಅದರ ಛಾಯಾಚಿತ್ರವೋ, ಇನ್ನೊಬ್ಬರ ನಕಲೋ ಎಂಬುದನ್ನು ಮರೆಮಾಚಬಾರದು. ಇದ್ದ ಪಾಠವನ್ನು ಇದ್ದಂತೆ ಕೊಟ್ಟು, ಊಹಿಸಿದ ಪಾಠವನ್ನು ಅಡಿಯಲ್ಲಿ, ಕಾರಣಸಹಿತವಾಗಿ ಇಡಬೇಕು. ಕನ್ನಡ ಲಿಪಿಯ ಪ್ರಾಕೃತ ಓಲೆಗಳಲ್ಲಿ ಸೊನ್ನೆಯು ಒಮ್ಮೆ ಅನುಸ್ವಾರವಾದರೆ ಮತ್ತೊಮ್ಮೆ ಮುಂದಿನ ವ್ಯಂಜನದ ದ್ವಿತ್ವವನ್ನು ಸೂಚಿಸುತ್ತದೆ; ಇಂತಹ ಕಡೆ ಓದುಗನಿಗೆ ತಿಳಿಸದೆ ಒಂದನ್ನು ಆರಿಸಿಕೊಳ್ಳುವುದು ಅಪಾಯಕರ. ಹಿಂದಿನವರ ಅಭಿಪ್ರಾಯವನ್ನು ಅವರ ಹೆಸರಿನಲ್ಲಿಯೇ ಉದ್ಧರಿಸಬೇಕು. ತನ್ನ ನಿರ್ಣಯಕ್ಕೆ ವಿರೋಧವಾದ ಆಧಾರವನ್ನು ತಾನೇ ಮೊದಲು ಮುಂದಿಡಬೇಕು. ದೊಡ್ಡ ಗ್ರಂಥಕ್ಕೆ ಕೈಹಾಕುವ ಮೊದಲು ಒಂದು ಭಾಗವನ್ನು ಪತ್ರಿಕೆಗೆ ಕೊಟ್ಟು ಬಲ್ಲವರ ಆಕ್ಷೇಪಣೆಗಳನ್ನು ಆಲಿಸುವುದು ಲೇಸು.

ಓಲೆಗೆ ಆಯುಸ್ಸಿನ ಮಿತಿಯುಂಟು. ಹುಳು, ತೇವ, ಅಲಕ್ಷ್ಯಗಳಿಂದ ಅದು ಅಳಿದ ಮೇಲೆ ನಮ್ಮ ಅಚ್ಚೇ ಅದರ ಏಕಮಾತ್ರ ಸಾಕ್ಷಿಯಾಗಿ ನಿಲ್ಲಬಹುದು. ಮೂಡಬಿದಿರೆಯ ಓಲೆಗಳು ಉಳಿದಿರದಿದ್ದರೆ, ಆ ಒಂದು ಅಡಿಟಿಪ್ಪಣಿಯ ಹೊರತು 'ಸಂಜದ' ಪದದ ಸುಳಿವೇ ನಮಗೆ ಇರುತ್ತಿರಲಿಲ್ಲ. ಎಷ್ಟು ಬೇಗ ಪ್ರಕಟವಾದೀತೆಂದು ಕೇಳುವ ವಿದ್ಯಾರ್ಥಿಗೆ ಪ್ರಸ್ತುತ ಲೇಖಕನ ಉತ್ತರ ಇದೇ: ನಿಮ್ಮ ತಪ್ಪನ್ನು ಮತ್ತೊಬ್ಬರು ಸುಲಭವಾಗಿ ಕಂಡುಹಿಡಿಯುವಷ್ಟು ಸ್ಪಷ್ಟವಾಗಿ ಲೇಖನವು ಸಿದ್ಧವಾದ ದಿನ ಕಳುಹಿಸಿ.