ಹೆಸರಿಲ್ಲದ ಆಲೂಗಡ್ಡಿ

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆ ಮೊದಲಿನಿಂದಲೂ ಜೋಳದ ಸೀಮೆ. ಇಲ್ಲಿಯ ಗೃಹಿಣಿ ಸಂತೆಯಲ್ಲಿ ಜೋಳ ಕೊಳ್ಳುವಾಗ ಕಾಳನ್ನು ಅಂಗೈಯಲ್ಲಿ ಹರಡಿ ನೋಡುತ್ತಾಳೆ, ಒಂದೆರಡನ್ನು ಹಲ್ಲಿನಲ್ಲಿ ಕಡಿಯುತ್ತಾಳೆ, ಮಾಲದಂಡಿಯೋ ಅಲ್ಲವೋ ಎಂದು ಕೇಳುತ್ತಾಳೆ. ಹಿಟ್ಟಿಗೆ ಜಿಗುಟಿಲ್ಲದಿದ್ದರೆ ರೊಟ್ಟಿ ಹರಿಯುವುದೆಂಬುದು ಅವಳಿಗೆ ತಿಳಿಯದ್ದಲ್ಲ. ಅದೇ ಗೃಹಿಣಿ ಮುಂದಿನ ರಾಶಿಯ ಬಳಿ ನಿಂತು ಕೇಳುವುದು ಇಷ್ಟೇ: "ಆಲೂಗಡ್ಡಿ ಹ್ಯಾಂಗ ಕಿಲೋ?" ಪೂರಿಗೆಂದು ಹಿಸುಕಿ ಮಾಡಿದ ಪಲ್ಯ ಒಂದು ದಿನ ಬೆಣ್ಣೆಯಂತೆ ಮೆದುವಾಗಿ, ಮತ್ತೊಂದು ದಿನ ಅಂಟಂಟಾದರೆ ದೋಷವೆಲ್ಲ ಒಲೆಗೆ, ಇಲ್ಲವೆ ಸೊಸೆಗೆ. ಗಡ್ಡೆಯ ಜಾತಿಯನ್ನು ವಿಚಾರಿಸುವವರಿಲ್ಲ.

ಈ ಉದಾಸೀನಕ್ಕೆ ಚರಿತ್ರೆಯಲ್ಲಿ ಕಾರಣವುಂಟು. ಆಲೂಗಡ್ಡೆ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಬೆಳೆ. ಅಲ್ಲಿಯ ರೈತರು ಸಾವಿರಾರು ಬಗೆಗಳನ್ನು ಬೇರೆ ಬೇರೆ ಹೆಸರಿಟ್ಟು ಸಾಕಿದರು. 16ನೆಯ ಶತಮಾನದಲ್ಲಿ ಸ್ಪೇನಿನವರು ಗಡ್ಡೆಯನ್ನು ಹಡಗಿಗೇರಿಸಿದರು. ಹೆಸರುಗಳು ಬೆಟ್ಟದಲ್ಲಿಯೇ ಉಳಿದವು. ಬೆಳಗಾವಿ ಧಾರವಾಡಗಳ ಕಡೆ ಪೋರ್ಚುಗೀಸರ ಬಾಯಿಂದ ಬಂದ 'ಬಟಾಟೆ' ನಿಂತಿತು. ಅದಾದರೂ ಮೂಲದಲ್ಲಿ ಗೆಣಸಿನ ಹೆಸರು! ನಮ್ಮ ಕಡೆ ಉತ್ತರದ 'ಆಲೂ'ವಿಗೆ ಕನ್ನಡದ ಗಡ್ಡಿ ಜೊತೆಯಾಯಿತು. ಒಂದು ಜಾತಿಗೂ ನಾವು ಹೆಸರಿಡಲಿಲ್ಲ. ಇಡುವುದೆಂತು? ಈ ಗಡ್ಡೆ ಕಟ್ಟಲು ರಾತ್ರಿಯ ತಂಪು ಬೇಕು. ನಮ್ಮ ಕರಿನೆಲದ ಬಿಸಿಲಿನಲ್ಲಿ ಅದು ಅತಿಥಿಯೇ ಹೊರತು ಮನೆಯ ಮಗನಲ್ಲ.

ಜಾತಿಯ ಆಯ್ಕೆ ಬರಿಯ ನಾಲಗೆಯ ಚಪಲವೆಂದು ತಳ್ಳಿಹಾಕುವಂತಿಲ್ಲ. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲನ್ನು ಕಂಡವರಿಗೆ ಮೆಡೋಸ್ ಟೇಲರನ ಹೆಸರು ಹೊಸದಲ್ಲ. 1841ರಲ್ಲಿ ಬಂದು, ಬಾಲರಾಜ ವೆಂಕಟಪ್ಪನಾಯಕನು ಪ್ರಾಯಕ್ಕೆ ಬಂದ 1853ರವರೆಗೆ ಆತ ಇಲ್ಲಿದ್ದ. ಅದೇ ವರ್ಷಗಳಲ್ಲಿ ಅತ್ತ ಐರ್ಲೆಂಡು ಆಲೂಗಡ್ಡೆಯ ಕ್ಷಾಮದಲ್ಲಿ ಬೇಯುತ್ತಿತ್ತು. ಅಲ್ಲಿಯ ಬಡವರ ತಟ್ಟೆಗೆ ಬೀಳುತ್ತಿದ್ದುದು ಬಹುಮಟ್ಟಿಗೆ 'ಲಂಪರ್' ಎಂಬ ಒಂದೇ ಜಾತಿ: ನೀರುನೀರು, ರುಚಿಗೆ ಹೆಸರಾದುದಲ್ಲ, ಆದರೆ ಬಡನೆಲದಲ್ಲಿಯೂ ಹೇರಳವಾಗಿ ಬರುವಂಥದು. ಅದನ್ನು ಆರಿಸಿದ್ದು ಉಣ್ಣುವವನ ಬಾಯಲ್ಲ. ಅವನ ಗೇಣಿಯ ತುಂಡುನೆಲ. 1845ರಲ್ಲಿ ಅಂಗಮಾರಿ ರೋಗ ಬಿದ್ದಾಗ ಆ ಒಂದೇ ಜಾತಿ ಹೊಲಹೊಲವೇ ಕೊಳೆಯಿತು. ಆಳುವವರ ನಿರ್ದಯೆಯೂ ಕೂಡಿಕೊಂಡು ಸುಮಾರು 10 ಲಕ್ಷ ಜನ ಸತ್ತರು. ಅಷ್ಟೇ ಮಂದಿ ನಾಡು ಬಿಟ್ಟರು.

ನಮ್ಮಲ್ಲಿ 1949ರಲ್ಲಿ ಪಟ್ನಾದಲ್ಲಿ ಸ್ಥಾಪನೆಯಾಗಿ 1956ರಲ್ಲಿ ಶಿಮ್ಲಾಕ್ಕೆ ಹೋದ ಕೇಂದ್ರೀಯ ಸಂಶೋಧನಾ ಸಂಸ್ಥೆ ಈ ಅಂಗಮಾರಿಯೊಡನೆಯೇ ಹೋರಾಡಿತು. 1968ರಲ್ಲಿ ಅದು ಹೊರತಂದ 'ಕುಫ್ರಿ ಜ್ಯೋತಿ' ಹಾಸನದ ಹೊಲಗಳನ್ನು ತುಂಬಿತು. ಕಾಲ ಕಳೆದಂತೆ ರೋಗ ಅದನ್ನೂ ಮಣಿಸಿ ಅಲ್ಲಿಯ ರೈತನನ್ನು ಕಾಡಿತು. 1998ರಲ್ಲಿ 'ಚಿಪ್ಸೋನ' ಬಂದಿತು: ಹಿಟ್ಟು ಹೆಚ್ಚು, ಸಕ್ಕರೆ ಕಡಮೆ. ಕಾರ್ಖಾನೆಯವನು ಹುರಿಯುವುದಕ್ಕೆಂದು ಜಾತಿ ಹೇಳಿ, ಒಣಾಂಶ ಅಳೆದು ಕೊಳ್ಳುತ್ತಾನೆ. ಅವನಿಗೆ ದೊರೆಯುವ ಈ ಹಕ್ಕು ಸಂತೆಯ ಗೃಹಿಣಿಗೇಕೆ ಇಲ್ಲ? ದರದ ಹಲಗೆಯ ಮೇಲೆ ಜಾತಿಯ ಹೆಸರನ್ನೂ ಬರೆಯಲು ಎಷ್ಟು ಸುಣ್ಣ ಬೇಕು?

ಅಲ್ಲಿಯವರೆಗೆ ನಮ್ಮ ಪರೀಕ್ಷೆ ನಮ್ಮದೇ. ಹಿಸುಕುವುದಕ್ಕೆ ಬೇಕಾದುದು ಹಿಟ್ಟುಗಡ್ಡೆ. ಬೆಂದಾಗ ಅದರ ಕಣಗಳು ಬಿಡಿಬಿಡಿಯಾಗಿ ಉದುರುತ್ತವೆ. ಮೇಣದಂಥ ಗಡ್ಡೆ ಹೋಳಾಗಿಯೇ ನಿಲ್ಲುತ್ತದೆ, ಅದು ಸಾರಿಗೆ ಸರಿ. 1 ಪಾಲು ಉಪ್ಪಿಗೆ 11 ಪಾಲು ನೀರು ಬೆರೆಸಿ ಹಸಿಗಡ್ಡೆಯನ್ನು ಬಿಟ್ಟರೆ ಹಿಟ್ಟುಗಡ್ಡೆ ಮುಳುಗುತ್ತದೆ, ಮೇಣದ ಗಡ್ಡೆ ತೇಲುತ್ತದೆ. ಉಗುರು ತಾಗಿದರೆ ಸಿಪ್ಪೆ ಸುಲಿಯುವ ಎಳೆಯ ಗಡ್ಡೆ ಪಲ್ಯಕ್ಕೆ ಬೇಡ. ಶೀತಲಗೃಹದಿಂದ ಆಗತಾನೆ ಬಂದುದು ಸಿಹಿಯಾಗಿರುತ್ತದೆ, ಚಳಿಗೆ ಹಿಟ್ಟು ಸಕ್ಕರೆಯಾಗುವುದರಿಂದ, ಹಸಿರುಗಟ್ಟಿದ್ದನ್ನಂತೂ ಮುಟ್ಟಲೇಬಾರದು. ಬೇಯಿಸಿದ ಮೇಲೆ ಬಿಸಿಯಿರುವಾಗಲೇ ಕೈಯಿಂದ ಹಿಸುಕಬೇಕು. ಮಿಕ್ಸರಿಗೆ ಹಾಕಿದರೆ ಕಣಗಳು ಒಡೆದು ಎಂಥ ಒಳ್ಳೆಯ ಜಾತಿಯೂ ಗೋಂದಾಗುವುದು. ಆಗ ಮಾತ್ರ ಸೊಸೆಯನ್ನು ಬೈಯಬಹುದೇನೋ.