ಮೂಗು, ಮೂಗುತಿ ಮತ್ತು ತುಕ್ಕು

ಹಳೇ ಕಾರಿನ ಬಾಡಿಗೆ ತುಕ್ಕು ಹಿಡಿದಿದೆ, ರಿಪೇರಿ ಮಾಡಿಸಬೇಕಾ ಬೇಡವಾ ಅಂತ ಯಾರನ್ನಾದರೂ ಕೇಳಿ ನೋಡಿ. ಬರೋ ಉತ್ತರ ಒಂದೇ: ಮೂಗಿಗಿಂತ ಮೂಗುತಿ ಭಾರ. 50 ಸಾವಿರದ ಗಾಡಿಗೆ 1 ಲಕ್ಷದ ಟಿಂಕರಿಂಗ್ ಯಾಕೆ ಸ್ವಾಮಿ, ಗುಜರಿಗೆ ಹಾಕಿ ಅಂತಾರೆ. ಲೆಕ್ಕವೇನೋ ಸರಿಯಾಗಿಯೇ ಇದೆ. ಆದರೆ 1975ರಲ್ಲಿ ಇದೇ ಮಾತು ಹೇಳಿದ್ದರೆ ಎದುರಿಗಿದ್ದವರು ನಕ್ಕುಬಿಡುತ್ತಿದ್ದರು. ತುಕ್ಕು ಅವತ್ತೂ ಅದೇ, ಇವತ್ತೂ ಅದೇ. ಹಾಗಾದರೆ ಬದಲಾಗಿದ್ದು ಏನು?

ಮೊದಲು ತುಕ್ಕಿನ ಸ್ವಭಾವ ಗೊತ್ತಿರಬೇಕು. ಕಬ್ಬಿಣಕ್ಕೆ ನೀರೂ ಗಾಳಿಯ ಆಮ್ಲಜನಕವೂ ಸೇರಿದರೆ ತುಕ್ಕು. ಉಪ್ಪು ಸೇರಿದರೆ ಅದರ ವೇಗ ಹೆಚ್ಚು. ಕಾರವಾರ, ಮಂಗಳೂರಿನ ಗಾಡಿಗೂ ಕಲಬುರಗಿಯ ಗಾಡಿಗೂ ಅಷ್ಟು ಅಂತರ ಇರೋದು ಇದಕ್ಕೇ. ಅಲ್ಯೂಮಿನಿಯಂ ಮೇಲೆ ಕೂರುವ ಪದರ ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕಿಗೆ ಆ ಗುಣವಿಲ್ಲ. ಅದು ಉಬ್ಬಿ, ಹಕ್ಕಳೆ ಎದ್ದು ಉದುರುತ್ತದೆ, ಒಳಗಿನ ಹೊಸ ಲೋಹ ಮತ್ತೆ ಗಾಳಿಗೆ ಸಿಗುತ್ತದೆ. ಆದ್ದರಿಂದ ಬಣ್ಣದ ಮೇಲೆ ಬಟಾಣಿ ಗಾತ್ರದ ಗುಳ್ಳೆ ಎದ್ದಿದ್ದರೆ, ಒಳಗೆ ಅಂಗೈಯಗಲ ತಿಂದಿರಬಹುದು.

ಈಗ ಇತಿಹಾಸಕ್ಕೆ ಬರೋಣ. 1953ರಲ್ಲಿ ಭಾರತ ಸರಕಾರ ಒಂದು ನಿರ್ಧಾರ ಮಾಡಿತು. ಬಿಡಿಭಾಗ ತರಿಸಿ ಬರೀ ಜೋಡಿಸುವ ಕಂಪನಿಗಳು ಬೇಡ, ಇಲ್ಲೇ ತಯಾರಿಸುವವರು ಮಾತ್ರ ಇರಲಿ ಅಂತ. 1928ರಿಂದ ಬಾಂಬೆಯಲ್ಲಿ ಗಾಡಿ ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ ಗಂಟುಮೂಟೆ ಕಟ್ಟಿತು, ಫೋರ್ಡ್ ಕೂಡ ಹೋಯಿತು. ಆಮೇಲೆ ಹೊಸ ಕಾರು ಬೇಕೆಂದರೆ ಹೆಚ್ಚುಕಡಿಮೆ ಮೂರೇ ದಾರಿ: ಹಿಂದೂಸ್ತಾನ್ ಮೋಟಾರ್ಸ್‌ನ ಅಂಬಾಸಿಡರ್, ಪ್ರೀಮಿಯರ್‌ನವರ ಫಿಯೆಟ್, ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕು. ಕೈಯಲ್ಲಿರುವ ಕಾರು ತುಕ್ಕು ಹಿಡಿಯಿತು ಅಂತ ಬಿಸಾಕಿದರೆ ಮುಂದಿನ ಕಾರು ಎಲ್ಲಿ? ಅವತ್ತಿನ ಲೆಕ್ಕದಲ್ಲಿ ಮೂಗುತಿ ಎಷ್ಟೇ ಭಾರವಾದರೂ ಮೂಗು ಇನ್ನೊಂದು ಸಿಗುತ್ತಿರಲಿಲ್ಲ.

ಈ ಕಾರುಗಳು ತುಕ್ಕಿಗೆ ಕೊಡುತ್ತಿದ್ದ ಉತ್ತರ ಒಂದೇ ಥರ ಇರಲಿಲ್ಲ ಅನ್ನೋದು ಗಮನಿಸಬೇಕಾದ ಸಂಗತಿ. ಅಂಬಾಸಿಡರ್ ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಮುಂದೆ ಪದ್ಮಿನಿ ಅಂತ ಹೆಸರು ಪಡೆದ ಕಾರು ಇಟಲಿಯ ಫಿಯೆಟ್ 1100. ಎರಡೂ ಮಾನೊಕಾಕ್ ಗಾಡಿಗಳು. ಅಂದರೆ ಲಾರಿಗಿರುವಂತೆ ಕೆಳಗೆ ಬೇರೆ ಚಾಸಿ ಇಲ್ಲ. ನೆಲ, ಬಾಗಿಲ ಕೆಳಗಿನ ಪಟ್ಟಿ, ಕಂಬ, ಚಾವಣಿ ಎಲ್ಲ ಸೇರಿ ಒಂದು ಡಬ್ಬಿ, ಆ ಡಬ್ಬಿಯೇ ಭಾರ ಹೊರುತ್ತದೆ. ಇಂಥ ಗಾಡಿಯಲ್ಲಿ ಮಡ್‌ಗಾರ್ಡ್ ತೂತಾದರೆ ಅದು ಚರ್ಮದ ರೋಗ, ನೆಲ ಅಥವಾ ಹಿಂದಿನ ಕಮಾನುಪಟ್ಟೆ ಕೂರುವ ಜಾಗ ಕರಗಿದರೆ ಎಲುಬಿನ ರೋಗ.

ಹೆರಾಲ್ಡ್ ಬೇರೆ ಜಾತಿ. ಇಂಗ್ಲೆಂಡಿನ ಟ್ರಯಂಫ್ ಕಂಪನಿ 1959ರಲ್ಲಿ ಅದನ್ನು ತಂದಾಗ, ಬೇರೆಯವರೆಲ್ಲ ಮಾನೊಕಾಕ್ ಕಡೆ ಹೋಗುತ್ತಿದ್ದರೂ, ಪ್ರತ್ಯೇಕ ಚಾಸಿಯನ್ನೇ ಇಟ್ಟುಕೊಂಡಿತ್ತು. ಬಾಡಿ ಹಲವು ತುಂಡುಗಳಾಗಿ ಬಂದು ಬೋಲ್ಟಿನಲ್ಲಿ ಕೂರುತ್ತಿತ್ತು. ಕೊಳೆತ ತುಂಡು ಬಿಚ್ಚಿ ಬೇರೆಯದು ಕೂರಿಸಬಹುದು.

ನಾಲ್ಕನೇ ಉತ್ತರ ಬಂದಿದ್ದು ನಮ್ಮ ಬೆಂಗಳೂರಿನಿಂದ. ಬ್ರಿಟನ್ನಿನ ರಿಲಯಂಟ್ ಕಿಟನ್ ಆಧಾರದ ಮೇಲೆ ಸಿಪಾನಿ ಕಂಪನಿ 1980ರ ದಶಕದಲ್ಲಿ ಡಾಲ್ಫಿನ್ ಅನ್ನೋ ಪುಟ್ಟ ಕಾರು ಮಾಡಿತು. ಬಾಡಿ ಪೂರಾ ಫೈಬರ್ ಗ್ಲಾಸ್. ತುಕ್ಕಿನ ಪ್ರಶ್ನೆಯೇ ಇಲ್ಲ! ಆದರೆ ಅದರ ಕೆಳಗಿದ್ದ ಚಾಸಿ ಉಕ್ಕಿನದೇ. ಮೇಲೆ ಥಳಥಳ ಹೊಳೆಯುವ ಬಾಡಿ, ಕೆಳಗೆ ಕಾಣದಂತೆ ಸವೆಯುವ ಎಲುಬು. ಜನರೋ, 1983ರ ಡಿಸೆಂಬರಿನಲ್ಲಿ ಮಾರುತಿ ಬಂದ ಮೇಲೆ ಅದರ ಹಿಂದೆ ಹೋದರು.

ಹೊರಗಡೆ ಅದೇ ಕಾಲದಲ್ಲಿ ಏನಾಗುತ್ತಿತ್ತು ಅಂತ ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಫಿಯೆಟ್ ಬಳಗಕ್ಕೇ ಸೇರಿದ ಲಾಂಚಿಯಾ ಕಂಪನಿಯ ಬೀಟಾ ಕಾರುಗಳಲ್ಲಿ ಇಂಜಿನ್ ಹೊರುವ ಸಬ್‌ಫ್ರೇಮ್ ಬಾಡಿಗೆ ಸೇರುವ ಜಾಗಕ್ಕೇ ತುಕ್ಕು ಹಿಡಿದು, 1980ರಲ್ಲಿ ಬ್ರಿಟನ್ನಿನಲ್ಲಿ ದೊಡ್ಡ ಗಲಾಟೆಯಾಯಿತು. ಕಂಪನಿ ತಾನೇ ಗ್ರಾಹಕರಿಂದ ಕಾರು ವಾಪಸ್ ಕೊಂಡು ಗುಜರಿಗೆ ಹಾಕಿತು. ಅಲ್ಲಿ ಬದಲಿ ಕಾರಿಗೆ ಬರವಿರಲಿಲ್ಲ. ನಮ್ಮಲ್ಲಿ ಅದೇ ರೋಗದ ಫಿಯೆಟ್ ಹೋಗುತ್ತಿದ್ದುದು ಟಿಂಕರ್ ಹತ್ತಿರ.

ಆ ಟಿಂಕರ್ ಕೆಲಸವನ್ನು ನೋಡಿದವರಿಗೆ ಗೊತ್ತು. ಕೊಳೆತ ಭಾಗವನ್ನು ಉಳಿಯಿಂದ ಕತ್ತರಿಸಿ, ಗಟ್ಟಿ ಲೋಹ ಸಿಗುವ ತನಕ ಹೋಗಿ, ಹೊಸ ತಗಡನ್ನು ಸುತ್ತಿಗೆಯಲ್ಲಿ ಬಡಿದು ಆಕಾರಕ್ಕೆ ತಂದು, ಗ್ಯಾಸ್ ವೆಲ್ಡಿಂಗ್ ಮಾಡಿ, ಉಜ್ಜಿ, ಪ್ರೈಮರ್ ಹೊಡೆಯಬೇಕು. ಮಾದರಿ ನೋಡಲು ಪುಸ್ತಕವಿಲ್ಲ, ಕಣ್ಣಂದಾಜು ಅಷ್ಟೇ. ಅಂಬಾಸಿಡರ್‌ನ ಮಡ್‌ಗಾರ್ಡ್‌ನ ತಿರುವನ್ನು ಕೈಯಲ್ಲೇ ತೆಗೆಯುವವರಿದ್ದರು. ಇದೇ ಕೆಲಸದ ಕಳ್ಳ ತಮ್ಮನೂ ಇದ್ದ: ತುಕ್ಕಿನ ಮೇಲೇ ತಗಡು ಅಂಟಿಸಿ, ತೂತಿಗೆ ಪಟ್ಟಿ ಮೆತ್ತಿ, ಬಣ್ಣ ಬಳಿದು ಕೊಡೋದು. ಒಂದು ಮಳೆಗಾಲ ಕಳೆಯುವ ಹೊತ್ತಿಗೆ ಬಣ್ಣ ಮತ್ತೆ ಉಬ್ಬುತ್ತಿತ್ತು. ತುಕ್ಕು ರಿಪೇರಿ ದಂಡ ಅನ್ನೋ ಮಾತು ಹುಟ್ಟಿದ್ದು ಬಹುಪಾಲು ಈ ತಮ್ಮನಿಂದಲೇ ಅಂತ ನನ್ನ ಗುಮಾನಿ.

1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸ್ ಬೇಕಿಲ್ಲ ಅಂತಾಯಿತು. ಹೊಸ ಕಂಪನಿಗಳು ಬಂದವು, ಬ್ಯಾಂಕು ಕರೆದು ಸಾಲ ಕೊಟ್ಟಿತು. ನಿಧಾನವಾಗಿ ಸತು ಲೇಪಿಸಿದ ತಗಡು ಬಂತು. ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಬಾಡಿಯನ್ನೇ ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ ಮೂಲೆಮೂಲೆಗೂ ಬಣ್ಣ ಕೂರಿಸುವ ವಿಧಾನವೂ ಬಂತು. ತುಕ್ಕು ಕಡಿಮೆಯಾದಂತೆ ಟಿಂಕರ್‌ಗೆ ತಗಡು ಬಡಿಯುವ ಕೆಲಸ ಕಡಿಮೆಯಾಯಿತು. ಡೆಂಟ್ ಎತ್ತೋದು, ಇಲ್ಲವೇ ಇಡೀ ಬಾಗಿಲೇ ಬದಲಾಯಿಸೋದು. ಹಳೆಯ ಕೈಗಳ ಜಾಗಕ್ಕೆ ಹೊಸ ಕೈಗಳು ಬರಲಿಲ್ಲ.

ಕಾನೂನೂ ಲೆಕ್ಕಕ್ಕೆ ಸೇರಿತು. ಮುಂಬೈ ಟ್ಯಾಕ್ಸಿಗೆ 20 ವರ್ಷದ ಮಿತಿ ಇದ್ದುದರಿಂದ 2023ರ ಅಕ್ಟೋಬರಿನಲ್ಲಿ ಅಲ್ಲಿನ ಪದ್ಮಿನಿ ಟ್ಯಾಕ್ಸಿಗಳ ಕತೆ ಮುಗಿಯಿತು. ಬಾಡಿ ಗಟ್ಟಿ ಇತ್ತೋ ಇಲ್ಲವೋ ಅನ್ನೋದು ಅಲ್ಲಿ ಲೆಕ್ಕಕ್ಕೇ ಬರಲಿಲ್ಲ. ಸ್ವಂತ ಕಾರಿಗೆ 15 ವರ್ಷದ ನಂತರ ಆರ್‌ಸಿ ನವೀಕರಿಸುವ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. ಇತ್ತ 2021ರ ನಿಯಮದಲ್ಲಿ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗೆ ವಿಂಟೇಜ್ ಅಂತ ಬೇರೆ ಮರ್ಯಾದೆ. ಚಾಸಿ, ಬಾಡಿ ಶೆಲ್, ಇಂಜಿನ್ ಗಣನೀಯವಾಗಿ ಬದಲಾಗಿರಬಾರದು ಅನ್ನುತ್ತದೆ ನಿಯಮ. ಅಂದರೆ ಇದ್ದ ಬಾಡಿಯನ್ನು ಚೂರು ಚೂರಾಗಿ ಉಳಿಸಿಕೊಂಡು ಬಂದವರಿಗೆ ಮಾತ್ರ ಆ ಬಾಗಿಲು.

ಹಾಗಾದರೆ ಮಾಡಿಸಬೇಕಾ, ಬೇಡವಾ? ಮಾರೋದಕ್ಕೆ ಮಾಡಿಸೋದಾದರೆ ಬೇಡ, ಹಾಕಿದ ದುಡ್ಡು ವಾಪಸ್ ಬರೋದು ಅಪರೂಪ. ಇಟ್ಟುಕೊಳ್ಳೋದಾದರೆ ಮೊದಲು ಮ್ಯಾಟ್ ಎತ್ತಿ, ಗಾಡಿಯನ್ನು ಮೇಲೆತ್ತಿಸಿ, ಸ್ಕ್ರೂಡ್ರೈವರ್ ತುದಿಯಿಂದ ಕುಟ್ಟಿ ನೋಡಿ. ಠಣ್ ಅಂದರೆ ಬರೀ ಚರ್ಮದ ರೋಗ, ಈ ಮಳೆಗಾಲಕ್ಕೆ ಮುಂಚೆಯೇ ಮಾಡಿಸಿ, ಖರ್ಚು ಕಡಿಮೆ. ತುದಿ ಒಳಗೆ ಇಳಿದರೆ ಎಲುಬಿನ ಕೆಲಸ. ಅದನ್ನು ಮಾಡಿಸಿದರೆ ಗಟ್ಟಿ ಲೋಹದ ತನಕ ಕತ್ತರಿಸಿ ಪೂರ್ತಿ ಮಾಡಿಸಬೇಕು, ಆಗದಿದ್ದರೆ ಗಾಡಿಯನ್ನು ರಸ್ತೆಯಿಂದ ಇಳಿಸಬೇಕು. ಪಟ್ಟಿ ಮೆತ್ತಿ, ಬಣ್ಣ ಹೊಡೆದು, ಇನ್ನೊಬ್ಬರಿಗೆ ದಾಟಿಸೋದು ಮಾತ್ರ ಬೇಡ. ಅವರ ಮಕ್ಕಳೂ ಅದೇ ನೆಲದ ಮೇಲೆ ಕಾಲಿಟ್ಟು ಕೂರುತ್ತಾರೆ.

ಇನ್ನೊಂದು ಮಾತು. ತಗಡು ಬಡಿಯಬಲ್ಲ ಹಿರಿಯ ಟಿಂಕರ್ ಒಬ್ಬರು ನಿಮ್ಮೂರಿನಲ್ಲಿ ಇನ್ನೂ ಇದ್ದರೆ, ಮುಂದಿನ ವರ್ಷ ನೋಡೋಣ ಅಂತ ತಳ್ಳಬೇಡಿ. ಕಾರು ಇನ್ನೊಂದು ವರ್ಷ ಕಾಯಬಹುದು. ಆ ಕೈಗಳು ಕಾಯುತ್ತವೆ ಅಂತ ಹೇಳೋಕಾಗಲ್ಲ.