ಕಾಣದ ಹುಲಿಯ ಭಯ

ಇತಿಹಾಸದ ಪುಸ್ತಕಗಳಲ್ಲಿ ನಮ್ಮ ಬೆಳ್ಳಾರೆಗೆ ದೊರೆತಿರುವುದು ಒಂದೆರಡು ಸಾಲು ಮಾತ್ರ. 1837ರಲ್ಲಿ ಅಮರ ಸುಳ್ಯದ ಕಡೆಯ ರೈತರು ದಂಡೆದ್ದು ಬಂದು, ಇಲ್ಲಿದ್ದ ಕುಂಪಣಿಯ ಖಜಾನೆಯನ್ನು ವಶಪಡಿಸಿಕೊಂಡು ಮಂಗಳೂರಿನತ್ತ ನಡೆದರು ಎಂಬಲ್ಲಿಗೆ ನಮ್ಮ ಊರಿನ ಪಾತ್ರ ಮುಗಿಯುತ್ತದೆ. ನಾನು ಈಗ ಹೇಳಹೊರಟಿರುವುದು ಅದಕ್ಕಿಂತ ಬಹಳ ಹಳೆಯ ಇತಿಹಾಸ. ಅಲ್ಲಿನ ಮಂಗಗಳ ಮೈಯಲ್ಲಿ ಬರೆದಿಟ್ಟದ್ದು. ನನ್ನ ಗಮನವನ್ನು ಅತ್ತ ಸೆಳೆದದ್ದು ಒಂದು ಬಟ್ಟೆಯ ಹುಲಿ.

ಕಳೆದ ಬೇಸಗೆಯ ರಜೆಯಲ್ಲಿ ಊರಿಗೆ ಹೋಗಿದ್ದೆ. ಸೋದರಮಾವನ ತೋಟದಲ್ಲಿ, ಕೊಕ್ಕೋ ಗಿಡದ ಕವಲಿನಲ್ಲಿ, ಹತ್ತಿ ತುಂಬಿದ ಹುಲಿಗೊಂಬೆಯೊಂದು ಕುಳಿತಿತ್ತು. ಹಳದಿ ರೋಗ ತಗಲಿ ಮಾವನ ಅಡಕೆ ಅರ್ಧಕ್ಕರ್ಧ ಹೋಗಿದೆ. ಉಳಿದ ಕೊಕ್ಕೋ, ಬೊಂಡಗಳನ್ನಾದರೂ ನಂಬೋಣವೆಂದರೆ ಅವು ಮಂಗಗಳ ಪಾಲು. ಸಂತೆಯಿಂದ ಗೊಂಬೆ ತಂದು ಕೂರಿಸಿದ ಮೊದಲ ವಾರ ಒಂದು ಮಂಗವೂ ತೋಟಕ್ಕೆ ಇಳಿಯಲಿಲ್ಲವಂತೆ. "ಮತ್ತೆ?" ಎಂದೆ. "ಮತ್ತೆಂತದ್ದು ಮಾರಾಯ, ಈಗ ಅದರ ಬಾಲ ಹಿಡಿದು ಎಳೀತಾವೆ," ಎಂದರು ಮಾವ. ನಾನು ನಕ್ಕೆ, ಅವರು ನಗಲಿಲ್ಲ.

ಈ ಉಪಾಯ ಬೆಳ್ಳಾರೆಗೆ ಮಾತ್ರ ಮೀಸಲಾದದ್ದಲ್ಲ. ತೀರ್ಥಹಳ್ಳಿ ತಾಲೂಕಿನ ರೈತರೊಬ್ಬರು ಗೊಂಬೆಯ ಬಣ್ಣ ಬಿಸಿಲಿಗೆ ಮಾಸಿದ್ದನ್ನು ಕಂಡು ತಮ್ಮ ನಾಯಿಗೇ ಹುಲಿಯ ಪಟ್ಟೆ ಬಳಿದ ಸುದ್ದಿ 2019ರಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಮಂಗಗಳು ಓಡಿದವಂತೆ. ಬಣ್ಣಕ್ಕೆ ಹೆದರಿದವೋ ಬೊಗಳುವ ನಾಯಿಗೆ ಹೆದರಿದವೋ ಎಂಬ ಸಂದೇಹ ನನಗಿನ್ನೂ ಉಳಿದಿದೆ.

ಬೆಳ್ಳಾರೆಯ ಈಗಿನ ಮಂಗಗಳು ಹುಲಿಯನ್ನು ಎಲ್ಲಿ ಕಂಡಾವು? ಮಾವ ಕಂಡಿಲ್ಲ, ಅವರ ಅಜ್ಜ ಕಂಡಿದ್ದರೆಂಬುದು ಮನೆಯ ಕಥೆ. ತುಳುನಾಡಿನ ಈ ತಗ್ಗುಸೀಮೆಯಲ್ಲಿ ಹುಲಿ ಉಳಿದಿರುವುದು ಹೆಚ್ಚಾಗಿ ಹೆಸರುಗಳಲ್ಲಿ. ಮಂಗಳೂರಿನ ಬಳಿಯ ಪಿಲಿಕುಳವೆಂದರೆ ಹುಲಿಯ ಕೊಳ. ಇಂದು ಅಲ್ಲಿ ಹುಲಿಗಳಿರುವುದು ಮೃಗಾಲಯದ ಬೇಲಿಯೊಳಗೆ. ಪಿಲಿಚಾಮುಂಡಿಗೆ ಕೋಲ ಕಟ್ಟುತ್ತೇವೆ, ನವರಾತ್ರಿಗೆ ಹುಲಿವೇಷ ಹಾಕುತ್ತೇವೆ. ತಾಸೆಯ ಪೆಟ್ಟಿಗೆ ಹುಲಿವೇಷದವನು ಮುನ್ನುಗ್ಗಿದಾಗ ತಾಯ ಸೆರಗಿನ ಹಿಂದೆ ಅವಿತ ಮಗು ನಾನೂ ಆಗಿದ್ದೆ. ಒಳಗಿರುವವನು ನಮ್ಮ ತೋಟಕ್ಕೆ ಕೆಲಸಕ್ಕೆ ಬರುವ ಆಳೆಂದು ತಿಳಿದಿದ್ದರೂ ಎದೆ ಹೊಡೆದುಕೊಳ್ಳುವುದು ನಿಲ್ಲುತ್ತಿರಲಿಲ್ಲ.

ಈ ವಿಷಯದಲ್ಲಿ ನನಗೆ ಡಾರ್ವಿನ್ನನ ಸಾಂಗತ್ಯವಿದೆ. ಲಂಡನ್ನಿನ ಮೃಗಾಲಯದಲ್ಲಿ ಆತ ವಿಷಸರ್ಪದ ಗಾಜಿನ ಪೆಟ್ಟಿಗೆಗೆ ಮುಖವೊತ್ತಿ, ಹಾವು ಎರಗಿದರೂ ಹಿಂದೆ ಸರಿಯಬಾರದೆಂದು ನಿಶ್ಚಯಿಸಿಕೊಂಡು ನಿಂತ. ಹಾವು ಎರಗಿತು, ಮಹಾಶಯ ಒಂದೆರಡು ಗಜ ಹಿಂದಕ್ಕೆ ನೆಗೆದಿದ್ದ. ಎಂದೂ ಅನುಭವಿಸದ ಅಪಾಯದ ಎದುರು ತನ್ನ ಬುದ್ಧಿಯೂ ಸಂಕಲ್ಪವೂ ಸೋತುವೆಂದು 1872ರ ತನ್ನ ಗ್ರಂಥದಲ್ಲಿ ಆತ ಸಂಕೋಚವಿಲ್ಲದೆ ಒಪ್ಪಿಕೊಂಡಿದ್ದಾನೆ.

ಬುದ್ಧಿಯನ್ನು ಕೇಳದೆ ನೆಗೆಯುವುದು ಯಾವುದು? ಇದರ ಜಾಡು ಸಿಕ್ಕಿದ್ದು 1930ರ ದಶಕದಲ್ಲಿ. ಷಿಕಾಗೊ ನಗರದಲ್ಲಿ ಕ್ಲೂವರ್ ಮತ್ತು ಬ್ಯೂಸಿ ಎಂಬಿಬ್ಬರು ಮಂಗಗಳ ಮಿದುಳಿನ ಎರಡೂ ಪಕ್ಕದ ಕಪೋಲಭಾಗಗಳನ್ನು ತೆಗೆದುಹಾಕಿದರು. ಎಚ್ಚೆತ್ತ ಮಂಗಗಳು ಹಾವನ್ನೂ ನಿರ್ಭಯವಾಗಿ ಹಿಡಿದು ನೋಡತೊಡಗಿದವು. ಕ್ರೂರವಾದ ಪ್ರಯೋಗ. ಆದರೆ ಮುಂದಿನವರು ಅದೇ ಜಾಡಿನಲ್ಲಿ ನಡೆದು, ಆ ಭಾಗದೊಳಗಿನ ಒಂದು ಪುಟ್ಟ ಗಂಟನ್ನು ತಲುಪಿದರು. ಬಾದಾಮಿಯ ಕಾಳಿನಂತಿರುವುದರಿಂದ ಅದಕ್ಕೆ ಗ್ರೀಕ್ ಭಾಷೆಯ ಬಾದಾಮಿಯ ಹೆಸರೇ ಬಂದಿದೆ: ಅಮಿಗ್ಡಲ. (ಬಾದಾಮಿ ಎಂದೊಡನೆ ಪುಲಕೇಶಿಯನ್ನು ನೆನೆಯುವುದು ನಮ್ಮಂಥ ಕನ್ನಡ ಮೇಷ್ಟರ ಜಾಡ್ಯ; ಓದುಗರು ಕ್ಷಮಿಸಬೇಕು.) ಕಣ್ಣು ಕಿವಿಗಳ ಸುದ್ದಿ ಈ ಗಂಟಿಗೆ ಎರಡು ದಾರಿಗಳಲ್ಲಿ ಬರುತ್ತದೆ. ಮಿದುಳಿನ ಹೊರಪದರದ ಮೂಲಕ ಸುತ್ತಿ ಬರುವುದು ನಿಧಾನ, ಆದರೆ ವಿವರವಾದದ್ದು. ನೇರವಾಗಿ ಬರುವುದು ಅಸ್ಪಷ್ಟ, ಆದರೆ ಶೀಘ್ರ. ಅಸ್ಪಷ್ಟವಾದ ಸುದ್ದಿಯಷ್ಟೇ ಸಾಕು, ಗಂಟು ಅಪ್ಪಣೆ ಕೊಟ್ಟುಬಿಡುತ್ತದೆ: ಮೈ ಸ್ತಬ್ಧವಾಗುತ್ತದೆ, ಗುಂಡಿಗೆ ಬಡಿತ ಬದಲಾಗುತ್ತದೆ, ಕಾಲುಗಳು ಓಟಕ್ಕೆ ಅಣಿಯಾಗುತ್ತವೆ. ಅದು ಹುಲಿಯೋ ಹುಲಿಯ ವೇಷವೋ ಎಂಬ ವಿಚಾರಣೆ ಆಮೇಲಿನದು. ಆಗ ಪ್ರಾಣಿಗೆ ಒಳಗೆ ಏನನ್ನಿಸುತ್ತದೆ ಎಂಬುದನ್ನು ಮಾತ್ರ ಶಾಸ್ತ್ರಜ್ಞರು ಜಂಬದಿಂದ ಹೇಳುವುದಿಲ್ಲ. ಅದು ಅವರ ದೊಡ್ಡತನ.

ಹಾಗಾದರೆ ಈ ಭಯ ಹುಟ್ಟಿನಿಂದ ಬಂದದ್ದೋ ಕಲಿತದ್ದೋ? ಪ್ರಯೋಗಶಾಲೆಯಲ್ಲಿ ಹುಟ್ಟಿ, ಬೆಕ್ಕಿನ ಮುಖವನ್ನೇ ಕಾಣದ ಇಲಿ ಬೆಕ್ಕಿನ ವಾಸನೆಗೇ ಕಲ್ಲಾಗಿ ಕೂರುತ್ತದೆ. ಮಂಗನ ಲೆಕ್ಕ ಬೇರೆ. 1980ರ ದಶಕದಲ್ಲಿ ಅಮೆರಿಕದ ಸೂಸನ್ ಮಿನೇಕ ಎಂಬ ಮನಶ್ಶಾಸ್ತ್ರಜ್ಞೆ ನಡೆಸಿದ ಪ್ರಯೋಗಗಳು ಬಹಳ ಪ್ರಸಿದ್ಧವಾದವು. ಪ್ರಯೋಗಶಾಲೆಯಲ್ಲೇ ಬೆಳೆದ ಮಂಗಗಳಿಗೆ ಹಾವಿನ ಭಯ ಇರಲಿಲ್ಲ. ಕಾಡಿನಲ್ಲಿ ಬೆಳೆದ ಮಂಗವೊಂದು ಹಾವಿಗೆ ಬೆದರುವುದನ್ನು ಕೆಲವೇ ನಿಮಿಷ ಕಂಡ ಮೇಲೆ ಅವಕ್ಕೂ ಭಯ ಅಂಟಿಕೊಂಡಿತು. ಅದೇ ಮಂಗ ಹೂವಿಗೆ ಬೆದರಿದಂತೆ ಚಿತ್ರವನ್ನು ಕತ್ತರಿಸಿ ಜೋಡಿಸಿ ತೋರಿಸಿದರೆ ಹೂವಿನ ಭಯ ಅಂಟಲಿಲ್ಲ. ಎಂದರೆ, ಪಾಠವನ್ನು ಹಿರಿಯರೇ ಹೇಳಬೇಕು. ಯಾವ ಪಾಠವನ್ನು ಒಪ್ಪಿಕೊಳ್ಳಬೇಕೆಂಬುದು ಮಾತ್ರ ಎಂದೋ ತೀರ್ಮಾನವಾಗಿಹೋಗಿದೆ. ಆ ಕಾಡುಮಂಗಗಳು ಹುಟ್ಟಿದ್ದು ಭಾರತದಲ್ಲಿ. ಎಷ್ಟೋ ವರ್ಷ ಕಡಲಾಚೆ ಗೂಡಿನಲ್ಲಿ ಕಳೆದರೂ ಅವು ತವರಿನ ಹಾವನ್ನು ಮರೆತಿರಲಿಲ್ಲ.

ನಮ್ಮ ದಕ್ಷಿಣ ಭಾರತದ ಮಂಗಗಳ ಮೇಲೆ ರಿಚರ್ಡ್ ಕಾಸ್ ಮತ್ತು ಉಮಾ ರಾಮಕೃಷ್ಣನ್ ನಡೆಸಿದ ಪರೀಕ್ಷೆಗಳು ಮಾವನ ತೋಟಕ್ಕೆ ಇನ್ನೂ ಹತ್ತಿರದವು. 2000ದಲ್ಲಿ ಪ್ರಕಟವಾದ ಅವರ ಲೇಖನದಂತೆ, ಕಾಡುಮಂಗಗಳ ಎದುರು ಚಿರತೆಯ ಗೊಂಬೆಗಳನ್ನು ಇಟ್ಟಾಗ ಹಳದಿಯ ಮೇಲೆ ಕಪ್ಪು ಚುಕ್ಕೆಯ ಗೊಂಬೆಗೆ ಅವು ಕಪ್ಪುಚಿರತೆಯ ಗೊಂಬೆಗಿಂತ ಬೇಗ ಓಡಿದವು. ಗೊಂಬೆಯ ಒಂದು ಭಾಗ ಮರೆಯಲ್ಲಿದ್ದರೂ ಚುಕ್ಕೆ ಕಂಡರೆ ಗುರುತು ಹತ್ತುತ್ತಿತ್ತು. ಮಂಗನ ನಿಜವಾದ ಯಮ ಮರವೇರಬಲ್ಲ ಚಿರತೆ. ನಮ್ಮ ಕಣ್ಣಿಗೆ ಹುಲಿ ದೊಡ್ಡದಾದರೂ ಮಂಗನ ಕಣ್ಣಿಗೆ ಪಟ್ಟೆಗಿಂತ ಚುಕ್ಕೆಯೇ ದೊಡ್ಡದಿರಬೇಕು. ಆದರೂ ಅಲುಗದ, ಉಸಿರಾಡದ ಗೊಂಬೆಗೆ ದಿನವೂ ಓಡುತ್ತ ಹೋದರೆ ಮಂಗನ ಹೊಟ್ಟೆ ತುಂಬಬೇಡವೆ? ಆದ್ದರಿಂದ ಭಯವೂ ಲೆಕ್ಕ ಹಾಕುತ್ತದೆ. ವಾರ ಕಳೆದ ಮೇಲೆ ಬಾಲ ಹಿಡಿದು ಎಳೆದದ್ದು ಆ ಲೆಕ್ಕದ ಫಲ.

ಇದನ್ನೆಲ್ಲ ಓದಿದ ಮೇಲೆ ಗೋವಿನ ಹಾಡನ್ನು ಪಾಠ ಮಾಡುವಾಗ ನನಗೆ ಹೊಸದೊಂದು ಹೊಳೆಯುತ್ತದೆ. ಪುಣ್ಯಕೋಟಿ ಗುಹೆಗೆ ಮರಳಿ ನಡೆದದ್ದು ಯಾವ ಹಸುವಿನ ಮಿದುಳೂ ಒಪ್ಪದ ಕೆಲಸ. ಒಂದೊಂದು ಹೆಜ್ಜೆಗೂ ಆ ಬಾದಾಮಿಯ ಕಾಳು ಬೇಡ, ಬೇಡ ಎಂದಿರಬೇಕು. ಹಸುಗಳ ಬೆದರಿಕೆಯನ್ನು ದಿನವೂ ಹಟ್ಟಿಯಲ್ಲಿ ಕಂಡವನೇ ಆ ಕಥೆಯನ್ನು ಕಟ್ಟಿದ್ದಾನೆ.

ಊರಿನಿಂದ ಹೊರಡುವ ಮುನ್ನ ಮಾವನಿಗೆ ಚುಕ್ಕೆಯ ವಿಷಯ ತಿಳಿಸಿದೆ. ಅವರು ಬರಿದೆ ಹೂಂಗುಟ್ಟಿದರು. ಅತ್ತೆ ಮಾತ್ರ ಹಳೆಯ ಹಳದಿ ಪರದೆಯೊಂದನ್ನು ಹುಡುಕಿ, ಮಸಿ ಕಲಸಿ ಚುಕ್ಕೆಯಿಟ್ಟು, ಹುಲ್ಲಿನ ಕಟ್ಟಿಗೆ ಸುತ್ತಿ ಕೊಟ್ಟರು. ದಿನಕ್ಕೊಂದು ಮರಕ್ಕೆ ಅದರ ಸ್ಥಳ ಬದಲಿಸಬೇಕೆಂದು ನಾನು ಒತ್ತಿ ಹೇಳಿ ಬಂದೆ.

ಹದಿನೈದು ದಿನಗಳ ಮೇಲೆ ಮಾವ ಫೋನು ಮಾಡಿದರು. ಮಂಗಗಳು ಬರುವುದು ನಿಂತಿದೆಯಂತೆ. "ಆದರೆ ನಮ್ಮ ನಾಯಿಯೂ ತೋಟಕ್ಕೆ ಇಳೀತಿಲ್ಲ ಮಾರಾಯ. ಸಂಜೆಯಾದರೆ ಸಾಕು, ಬೊಗಳದೆ ಒಳಗೆ ಬಂದು ಮಂಚದ ಅಡಿಗೆ ಸೇರ್ತದೆ. ಬಟ್ಟೆಗೆ ಹೆದರಿದ್ದೋ, ನಿಜದ್ದೇ ಬಂದುಹೋಗಿದೆಯೋ ಗೊತ್ತಾಗುದಿಲ್ಲ." ಅತ್ತೆ ಅಂದಿನಿಂದ ಕರುವನ್ನು ಹಟ್ಟಿಯಿಂದ ಬಿಡಿಸಿ ಜಗಲಿಯಲ್ಲಿ ಕಟ್ಟುತ್ತಿದ್ದಾರಂತೆ.